ಮಂಡ್ಯದ ಹೈಸ್ಪೀಡ್ ಸ್ಟೇಷನ್ ಎಲ್ಲಿ ಬೇಕು? ಹಳೆ ಹಳಿ ಮುಟ್ಟದ ಜಾಗ ಬೇಡ

ಸೀಸನ್ ಪಾಸ್, ಮಂಡ್ಯ

ಹೋದ ಭಾನುವಾರ ಅಮ್ಮನ ಊರಿಗೆ ಹೋಗಿದ್ದೆ. ಅರಳಿಕಟ್ಟೆ ಹತ್ತಿರ ನಾಲ್ಕು ಜನ ಸೇರಿದರೆ ಈಗ ಒಂದೇ ಮಾತು. ಬುಲೆಟ್ ಟ್ರೈನ್ ಸ್ಟೇಷನ್ ಎಲ್ಲಿ ಬರುತ್ತದೆ? ಒಬ್ಬರು ಗೆಜ್ಜಲಗೆರೆ ಅಂದರು. ಇನ್ನೊಬ್ಬರು ತೂಬಿನಕೆರೆ ಅಂದರು. ಬೈಪಾಸ್ ಪಕ್ಕದಲ್ಲೇ ಅಂತ ಮೂರನೆಯವರು ಆಣೆ ಮಾಡಿ ಹೇಳಿದರು. ಪಕ್ಷ ಯಾವುದಾದರೂ ಇರಲಿ, ಎಲ್ಲರೂ ನಮ್ಮ ಹೋಬಳಿಗೇ ಬರಬೇಕು ಅನ್ನುವವರೇ. ಬಂದ ಮೇಲೆ ಅಲ್ಲಿಗೆ ಹೋಗುವುದು ಹೇಗೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಚೆನ್ನೈ–ಬೆಂಗಳೂರು–ಮೈಸೂರು ಹೈಸ್ಪೀಡ್ ಮಾರ್ಗ ಅಂತ ಹೇಳಿದ್ದು ಸುಮಾರು 435 ಕಿ.ಮೀ. ಒಂಬತ್ತು ಸ್ಟೇಷನ್‌ಗಳ ಪಟ್ಟಿಯಲ್ಲಿ ನಮ್ಮ ರಾಜ್ಯದವು ಬಂಗಾರಪೇಟೆ, ಬೆಂಗಳೂರು, ಚನ್ನಪಟ್ಟಣ, ಮಂಡ್ಯ, ಮೈಸೂರು. ಪಟ್ಟಿಯಲ್ಲಿ ಮಂಡ್ಯ ಅಂತ ಇದ್ದ ಮಾತ್ರಕ್ಕೆ ಸ್ಟೇಷನ್ ಮಂಡ್ಯದ ಒಳಗೆ ಬರುತ್ತದೆ ಅಂತ ಅಲ್ಲ. ಮುಂಬೈ–ಅಹಮದಾಬಾದ್ ಮಾರ್ಗದ ಸೂರತ್ ಸ್ಟೇಷನ್ ಕಟ್ಟಿರುವುದು ಊರಾಚೆ, ಅಂತ್ರೋಲಿ ಅನ್ನುವ ಹಳ್ಳಿಯಲ್ಲಿ. ಅದೇ ಮಾರ್ಗದಲ್ಲಿ ವಡೋದರ, ಅಹಮದಾಬಾದ್ ಸ್ಟೇಷನ್‌ಗಳು ಹಳೆ ರೈಲ್ವೆ ಸ್ಟೇಷನ್‌ಗೆ ಅಂಟಿಕೊಂಡೇ ಬರುತ್ತಿವೆ. ಅಂದರೆ ಎರಡೂ ಆಗುವಂಥದ್ದೇ. ಯಾವುದು ಬೇಕು ಅಂತ ನಾವು ಈಗಲೇ ಬಾಯಿ ಬಿಡಬೇಕು.

ನಾನು ಒಂಬತ್ತು ವರ್ಷದಿಂದ ಬೆಂಗಳೂರಿಗೆ ದಿನಾ ಓಡಾಡುವವಳು. ಮನೆಯಿಂದ ಸ್ಟೇಷನ್‌ಗೆ ನಡೆದರೆ ಹದಿನಾಲ್ಕು ನಿಮಿಷ. ನನಗೆ ಸಲೀಸು. ಕೆರಗೋಡು, ಬಸರಾಳು ಕಡೆಯ ಹೆಣ್ಣುಮಕ್ಕಳನ್ನು ನೋಡಬೇಕು ನೀವು. ಮೊದಲ ಬಸ್ಸಿಗೆ ಬಂದು ಇಳಿದು, ಅಲ್ಲಿಂದ ಒಂದೇ ಉಸಿರಿಗೆ ಓಡಿ ಬರುತ್ತಾರೆ. ಗಾಡಿ ಬರುತ್ತಿದೆ ಅಂತ ಮೈಕಿನಲ್ಲಿ ಕೂಗುವಾಗ ಒಬ್ಬಳು ಪ್ಲಾಟ್‌ಫಾರ್ಮ್ ಮೆಟ್ಟಿಲ ಮೇಲೆ ನಿಂತು, ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು ಜಡೆ ಹಾಕಿಕೊಳ್ಳುತ್ತಿರುತ್ತಾಳೆ. ಊಟದ ಡಬ್ಬಿ ನನ್ನ ಕೈಗೆ ಕೊಟ್ಟಿರುತ್ತಾಳೆ. ಸ್ಟೇಷನ್ ಏಳೆಂಟು ಕಿ.ಮೀ. ಆಚೆ ಹೋದರೆ ಇವಳು ಏನು ಮಾಡಬೇಕು? ಅರ್ಧ ಗಂಟೆಯ ರೈಲು ಹತ್ತಲು ಮುಕ್ಕಾಲು ಗಂಟೆ ಆಟೋ ಕಾಯಬೇಕಾ?

ನನ್ನ ಮಾತು ಇಷ್ಟೇ. ಯಾವ ತಾಲೂಕು, ಯಾವ ಹೋಬಳಿ ಅನ್ನುವುದು ಆಮೇಲೆ. ಈಗಿನ ಬೆಂಗಳೂರು–ಮೈಸೂರು ಹಳಿ ಇದೆಯಲ್ಲ, ಹೊಸ ಸ್ಟೇಷನ್ ಅದನ್ನು ಮುಟ್ಟಬೇಕು. ಮೆಮು, ಅಂದರೆ ಊರೂರಲ್ಲಿ ನಿಲ್ಲುವ ಲೋಕಲ್ ಕರೆಂಟ್ ರೈಲು, ಇಳಿದವರು ಮೆಟ್ಟಿಲು ಹತ್ತಿ ಹೈಸ್ಪೀಡ್ ಗಾಡಿ ಏರುವ ಹಾಗೆ ಇರಬೇಕು. ಮಂಡ್ಯ ಸ್ಟೇಷನ್‌ನಲ್ಲೇ ಆದರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಅದೇ ಹಳಿಯ ಮೇಲಿನ ಸಣ್ಣ ಸ್ಟೇಷನ್ ಹನಕೆರೆ ಅಥವಾ ಯಲಿಯೂರು. ಹಳಿ ಮುಟ್ಟದ ಜಾಗಕ್ಕೆ ನಾನು ಕೈ ಎತ್ತುವುದಿಲ್ಲ.

ನಾಲೆ ಬಯಲು

ತಂಗಿ, ನಿನ್ನ ಕಷ್ಟ ಅರ್ಥ ಆಯಿತು. ಆದರೆ ಹತ್ತುವವರ ಕಷ್ಟ ಬರೆದೆ, ಭೂಮಿ ಬಿಡುವವರ ಕಷ್ಟ ಬರೆಯಲಿಲ್ಲ.

ವಿಶ್ವೇಶ್ವರಯ್ಯ ನಾಲೆ ನೀರು ಬಂದ ಮೇಲೆ ತಾನೇ ಮಂಡ್ಯ ಮಂಡ್ಯ ಆಗಿದ್ದು? 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ, 1939ರಲ್ಲಿ ಬೇರೆ ಜಿಲ್ಲೆ. ಎಲ್ಲಾ ಆ ನೀರಿನ ಹಿಂದೆ ಬಂದದ್ದು. ಹನಕೆರೆ, ಯಲಿಯೂರು ಅಂತ ನೀನು ಬೆರಳು ತೋರಿಸಿದ ಕಡೆ ಸುತ್ತಮುತ್ತ ಇರುವುದು ಗದ್ದೆ ಬಯಲು.

ಹಿಂದೊಮ್ಮೆ ಒಂದು ರಸ್ತೆಗೆ ನಮ್ಮ ಜಮೀನು ಹೋಯಿತು. ಹೋದದ್ದು ಹನ್ನೊಂದು ಗುಂಟೆ. ಅದಕ್ಕೆ ದುಡ್ಡು ಬಂತು, ಇಲ್ಲ ಅನ್ನುವುದಿಲ್ಲ. ಉಳಿದ ಒಂದೂಕಾಲು ಎಕರೆ ರಸ್ತೆಯ ಆಚೆ ಬಿತ್ತು. ಸೀಳುನಾಲೆಗೆ ಹಾಕಿದ ಮೋರಿಯ ಕೊಳವೆ ಗದ್ದೆ ಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಕೂತಿದೆ. ನೀರು ಅಲ್ಲಿ ತನಕ ಬರುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ. ಅಪ್ಪ ಬೆಳಿಗ್ಗೆ ಎದ್ದು ಅದರ ಬಾಯಿಗೆ ಮಣ್ಣಿನ ಚೀಲ ಒಡ್ಡಿ ನೀರು ಏರಿಸಲು ನೋಡುತ್ತಿದ್ದರು. ಮೂರು ವರ್ಷ ಅರ್ಜಿ ಕೊಟ್ಟೆವು. ಬಂದವರು ಟೇಪು ಹಿಡಿದು ಅಳತೆ ಮಾಡಿ ಹೋದರು. ಈಗ ಅಲ್ಲಿ ಭತ್ತ ಇಲ್ಲ, ಹುರುಳಿ ಹಾಕುತ್ತೇವೆ. ಕಬ್ಬು ಕಡಿದು ಆಲೆಮನೆಗೆ ಸಾಗಿಸಬೇಕಾದರೂ ಸುತ್ತಿ ಹೋಗಬೇಕಾಗಿತ್ತು, ಅದಕ್ಕೆ ಕಬ್ಬನ್ನೂ ಬಿಟ್ಟೆವು.

ಹಾಗಾಗಿ ಸ್ಟೇಷನ್ ಎಲ್ಲಿ ಅಂತ ಕೇಳುವ ಮೊದಲು ಮೋರಿ ಎಲ್ಲಿ, ಎಷ್ಟು ಆಳಕ್ಕೆ ಅಂತ ಕೇಳುವವನು ನಾನು.

ಮದ್ದೂರು ಎಳನೀರು

ನಾನು ನೇರವಾಗಿ ಹೇಳುತ್ತೇನೆ. ನಮ್ಮ ಮದ್ದೂರು ತಾಲೂಕಿನ ಗೆಜ್ಜಲಗೆರೆ ಕಡೆಗೇ ಬರಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು ಅಲ್ಲೇ, 2023ರ ಮಾರ್ಚ್ 12ಕ್ಕೆ. ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆಮೇಲೆ ಏನಾಯಿತು? 118 ಕಿ.ಮೀ. ರಸ್ತೆ, ದಾರಿಯಲ್ಲಿರುವ ಊರುಗಳಿಗೆಲ್ಲ ಬೈಪಾಸ್. ಮೈಸೂರಿಗೆ ಹೋಗುವ ಕಾರುಗಳು ಮದ್ದೂರು ಪೇಟೆ ಒಳಗೆ ಬರುವುದೇ ಕಮ್ಮಿ ಆಯಿತು. ವಡೆ ಅಂಗಡಿಯವರು, ಹೋಟೆಲಿನವರು, ಚನ್ನಪಟ್ಟಣದ ಗೊಂಬೆ ಮಾರುವವರು, ಎಲ್ಲರಿಗೂ ಪೆಟ್ಟು ಬಿತ್ತು. ನಮ್ಮ ಎಳನೀರು ಮಾರುಕಟ್ಟೆ ದೊಡ್ಡದು, ಲಾರಿ ಲೋಡು ಹೊರ ರಾಜ್ಯಕ್ಕೆ ಹೋಗುತ್ತದೆ, ಅದಕ್ಕೆ ಉಳಿದುಕೊಂಡಿತು. ರಸ್ತೆ ಬದಿ ಹತ್ತು ಕಾಯಿ ಇಟ್ಟುಕೊಂಡು ಕೂತಿದ್ದ ನಮ್ಮ ಚಿಕ್ಕಮ್ಮ ಈಗ ಮನೆಯಲ್ಲಿದ್ದಾರೆ.

ಒಂದು ಸಲ ನಮ್ಮನ್ನು ದಾಟಿ ಹೋಗಿದ್ದು ಸಾಕು. ಇದಾದರೂ ನಮ್ಮ ಹತ್ತಿರ ನಿಲ್ಲಲಿ. ಮಂಡ್ಯದವರಿಗೆ ಜಿಲ್ಲಾ ಆಸ್ಪತ್ರೆ, ಕಚೇರಿ, ಕಾಲೇಜು ಎಲ್ಲಾ ಇದೆ. ನಮಗೆ ಏನಿದೆ?

ಹಳಿ ಮೇಷ್ಟ್ರು

ಮದ್ದೂರಿನ ಅಣ್ಣನ ನೋವು ನಿಜ. ಆದರೆ ಅದಕ್ಕೆ ಬೈಪಾಸ್ ಪಕ್ಕದ ಸ್ಟೇಷನ್ ಮದ್ದು ಅಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಅಲ್ಲಿ ಸ್ಟೇಷನ್ ಬಂದರೆ ಬೆಂಗಳೂರಿನ ಕಾರು ಬುರ್ರನೆ ಬರುತ್ತದೆ. ನಮ್ಮ ಆಟೋ ಸರ್ವಿಸ್ ರಸ್ತೆ, ಅಂಡರ್‌ಪಾಸ್ ಹುಡುಕಿಕೊಂಡು ಬರಬೇಕು.

ಇನ್ನು ತಂಗಿ ಹೇಳಿದ 'ಹಳೆ ಹಳಿ ಮುಟ್ಟಬೇಕು' ಅನ್ನುವ ಮಾತಿಗೆ ಬರುತ್ತೇನೆ. ನಾನು ರೈಲ್ವೆ ಕೆಲಸದಲ್ಲಿ ಇದ್ದು ನಿವೃತ್ತಿ ಆದವನು. ಇದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳುತ್ತೇನೆ, ಕೇಳಿ.

ನಮ್ಮ ಈಗಿನ ಹಳಿಯ ಅಗಲ 1676 ಮಿ.ಮೀ. ಹೈಸ್ಪೀಡ್ ಹಳಿ 1435 ಮಿ.ಮೀ. ಹಾಗಾಗಿ ಆ ಗಾಡಿ ಈ ಹಳಿ ಮೇಲೆ ಒಂದು ಗಜ ಕೂಡ ಬರಲಾರದು. ಇಳಿದು ಹತ್ತಲೇಬೇಕು. ಇಳಿದು ಹತ್ತುವುದು ಒಂದೇ ಕಟ್ಟಡದಲ್ಲಿ ಆದರೆ ಐದು ನಿಮಿಷ. ಬೇರೆ ಬೇರೆ ಕಡೆ ಆದರೆ ಜನ ಒಂದನ್ನು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಬಿಡುವುದು ದುಬಾರಿಯದ್ದನ್ನೇ.

ಹಾಗಾದರೆ ಊರೊಳಗೆ ಯಾಕೆ ತರುವುದಿಲ್ಲ? ಬರೀ ದುಡ್ಡಿನ ಕಾರಣ ಅಲ್ಲ. ಗಂಟೆಗೆ 350 ಕಿ.ಮೀ. ಲೆಕ್ಕದಲ್ಲಿ ಕಟ್ಟುವ ಹಳಿಗೆ ತಿರುವು ತುಂಬಾ ದೊಡ್ಡದಾಗಿರಬೇಕು. ಮುಂಬೈ ಮಾರ್ಗದಲ್ಲಿ ಅದು ಕನಿಷ್ಠ 6 ಕಿ.ಮೀ. ತ್ರಿಜ್ಯ. ನಮ್ಮ ಮೈಸೂರು ಲೈನು ಬಂದಿದ್ದು 1882ರಲ್ಲಿ, ಮೀಟರ್ ಗೇಜ್ ಕಾಲದಲ್ಲಿ. ಊರೂರು ಸುತ್ತಿ ಬರುವ ಹಳಿ ಅದು. ಅದರ ಪಕ್ಕದಲ್ಲೇ ಹೊಸದು ಉದ್ದಕ್ಕೂ ಬರಲಾಗುವುದಿಲ್ಲ. ಎಲ್ಲೋ ಒಂದೆರಡು ಕಡೆ ದಾಟುತ್ತದೆ. ಆ ದಾಟುವ ಜಾಗ ಹಿಡಿಯಬೇಕು. ಜಪಾನಿನಲ್ಲಿ 1964ರಲ್ಲಿ ಮಾಡಿದ್ದು ಅದೇ. ಶಿನ್-ಯೋಕೊಹಾಮ ಸ್ಟೇಷನ್ ಊರಿನ ನಡುವೆ ಇಲ್ಲ. ಹೊಸ ಹಳಿ ಹಳೆ ಯೋಕೊಹಾಮ ಲೈನನ್ನು ದಾಟುವ ಕಡೆ ಕಟ್ಟಿದರು. ಅವತ್ತು ಅಲ್ಲಿ ಹೊಲಗದ್ದೆ, ಇವತ್ತು ದೊಡ್ಡ ಪೇಟೆ.

ಅದೇ ವರ್ಷ ಅದೇ ಮಾರ್ಗದಲ್ಲಿ ಗಿಫು-ಹಾಶಿಮ ಅಂತ ಇನ್ನೊಂದು ಸ್ಟೇಷನ್ ಆಯಿತು. ಅದೂ ಗದ್ದೆ ನಡುವೆ. ಅದರ ಹಿಂದೆ ಓನೊ ಬಾನ್‌ಬೊಕು ಅನ್ನುವ ರಾಜಕಾರಣಿ ಇದ್ದರು ಅಂತ ಎಲ್ಲರೂ ಹೇಳುತ್ತಾರೆ. ಸ್ಟೇಷನ್ ಮುಂದೆ ಅವರ ಮತ್ತು ಅವರ ಹೆಂಡತಿಯ ಪ್ರತಿಮೆ ಇದೆ. ಊರಿನ ಸಣ್ಣ ರೈಲು ಆ ಸ್ಟೇಷನ್ ತನಕ ಬಂದಿದ್ದು 1982ರಲ್ಲಿ. ಹದಿನೆಂಟು ವರ್ಷ! ಪ್ರತಿಮೆ ಯಾರದು ಬೇಕಾದರೂ ನಿಲ್ಲಿಸಲಿ, ಮೆಮು ಮೊದಲ ದಿನವೇ ಬರಬೇಕು.

ನಾಗಮಂಗಲದವನು, ಈಗ ಫ್ರಾನ್ಸಿನಲ್ಲಿ

ಮೇಷ್ಟ್ರೇ, ನಾನು ಕಣ್ಣಾರೆ ಕಂಡದ್ದು ಒಂದು ಇದೆ. ಇಲ್ಲಿ ಉತ್ತರದಲ್ಲಿ ಓತ್-ಪಿಕಾರ್ಡಿ ಅಂತ ಟಿಜಿವಿ (ಇಲ್ಲಿನ ಹೈಸ್ಪೀಡ್ ರೈಲು) ಸ್ಟೇಷನ್, 1994ರದ್ದು. ಆಮಿಯಾಂ ಮತ್ತು ಸೇಂಟ್-ಕ್ವೆಂಟಿನ್ ಅನ್ನುವ ಎರಡು ಊರಿನವರೂ ನಮಗೆ ಬೇಕು ಅಂತ ಪಟ್ಟು ಹಿಡಿದರು. ಕೊನೆಗೆ ಎರಡರ ನಡುವೆ, ಎರಡಕ್ಕೂ ದೂರ ಆಗುವ ಹಾಗೆ ಹೊಲದಲ್ಲಿ ಕಟ್ಟಿದರು. ಅಲ್ಲಿನ ಹಳೆ ರೈಲಿನ ಸಂಪರ್ಕ ಇಲ್ಲ. ಜನ ಅದನ್ನು ಕರೆಯುವುದು ಬೀಟ್ ಸ್ಟೇಷನ್ ಅಂತ. ಸುತ್ತ ಬೆಳೆಯುವುದು ಸಕ್ಕರೆ ತೆಗೆಯುವ ಬೀಟ್.

ನಾನು ಇಳಿದ ದಿನ ಮಳೆ. ಇಳಿದವರು ಆರು ಜನ. ಐದು ಜನಕ್ಕೆ ಕಾರು ಬಂತು. ನಾನು ಬಸ್ಸಿಗೆ ಕಾಯುತ್ತಾ ನಿಂತೆ. ಆಚೆ ಹೊಲದಲ್ಲಿ ಬೀಟ್ ರಾಶಿ ಹಾಕಿದ್ದರು. ನಮ್ಮ ಕಡೆ ಕಬ್ಬಿನ ಲೋಡು ಕಂಡ ಹಾಗೆ ಆಯಿತು. ಮದ್ದೂರು, ಮಂಡ್ಯ ಎರಡಕ್ಕೂ ಸಮಾಧಾನ ಅಂತ ನಡುವೆ ಎಲ್ಲೋ ಕಟ್ಟಿಬಿಟ್ಟರೆ ನಮ್ಮದು ಕಬ್ಬಿನ ಗದ್ದೆ ಸ್ಟೇಷನ್ ಆಗುತ್ತದೆ. ದಯವಿಟ್ಟು ಬಿಡಬೇಡಿ.

ಪತ್ರ ಬರಹಗಾರ

ಸ್ಟೇಷನ್ ಜಾಗದ ಚರ್ಚೆ ನಡೆಯಲಿ. ಅಷ್ಟರಲ್ಲಿ ಕ್ರಯಪತ್ರ ಬರೆಯುವ ನಮ್ಮ ಟೇಬಲ್ ಮುಂದೆ ಏನು ನಡೆಯುತ್ತಿದೆ ಅಂತ ಹೇಳುತ್ತೇನೆ. ಜಾಗ ಗೊತ್ತಾಗುವ ಮೊದಲೇ ಅಗ್ರಿಮೆಂಟ್ ಮಾಡಿಸಲು ಬರುತ್ತಿದ್ದಾರೆ. 'ಸ್ಟೇಷನ್ ಪಕ್ಕದ ಲೇಔಟ್' ಅಂತ ಬಣ್ಣದ ಕಾಗದ ಹಂಚುತ್ತಾರೆ. ಯಾವ ಸ್ಟೇಷನ್, ಯಾರು ಹೇಳಿದರು ಅಂದರೆ ಮೇಲಿಂದ ಗೊತ್ತಾಗಿದೆ ಅನ್ನುತ್ತಾರೆ. ಮೊನ್ನೆ ಒಬ್ಬ ಅಜ್ಜಿ ಎರಡು ಲಕ್ಷ ಮುಂಗಡ ತಗೊಂಡು ಹೆಬ್ಬೆಟ್ಟು ಒತ್ತಲು ಬಂದಿದ್ದರು. ಮೊಮ್ಮಗನಿಗೆ ಫೋನ್ ಮಾಡಿಸಿ ತಡೆದೆ.

ಇನ್ನೊಂದು ಮಾತು, ಇದನ್ನು ಎಲ್ಲರಿಗೂ ಹೇಳಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬೆಲೆ ಕಟ್ಟುವಾಗ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ, ನೋಡುತ್ತಾರೆ. ಜೊತೆಗೆ ಹಿಂದಿನ ಮೂರು ವರ್ಷದಲ್ಲಿ ಸುತ್ತಮುತ್ತ ಆದ ಕ್ರಯಪತ್ರಗಳನ್ನೂ ನೋಡುತ್ತಾರೆ. ಅದರಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ತೆಗೆಯುತ್ತಾರೆ. ಯಾವುದು ಹೆಚ್ಚೋ ಅದು. ನಮ್ಮವರು ಏನು ಮಾಡುತ್ತಾರೆ? ಮುದ್ರಾಂಕ ಶುಲ್ಕ ಉಳಿಸಲು ನಲವತ್ತು ಲಕ್ಷಕ್ಕೆ ಮಾರಿ ಹನ್ನೆರಡು ಲಕ್ಷ ಅಂತ ಬರೆಸುತ್ತಾರೆ. ನಾಳೆ ಪಕ್ಕದ ಹೊಲದವನ ಪರಿಹಾರಕ್ಕೂ ಆ ಹನ್ನೆರಡೇ ಲೆಕ್ಕ.

ಎರಡು ಬೆಳೆಯ ನೀರಾವರಿ ಭೂಮಿಯನ್ನು ಬೇರೆ ದಾರಿ ಇಲ್ಲದಿದ್ದರೆ ಮಾತ್ರ ತಗೊಳ್ಳಬೇಕು ಅಂತ ಅದೇ ಕಾಯ್ದೆಯ 10ನೇ ಕಲಂ ಹೇಳುತ್ತದೆ. ಆದರೆ ರೈಲು, ಹೆದ್ದಾರಿ, ಕಾಲುವೆ ಥರ ಉದ್ದಕ್ಕೆ ಹೋಗುವ ಕೆಲಸಕ್ಕೆ ಆ ಕಲಂ ಅನ್ವಯಿಸುವುದಿಲ್ಲ. ಹಳಿಗೆ ವಿನಾಯಿತಿ ಸರಿ. ಸ್ಟೇಷನ್ ಸುತ್ತ ಟೌನ್‌ಶಿಪ್ ಅಂತ ನೂರಾರು ಎಕರೆ ಕೇಳಿದರೆ ಅದೂ ಹಳಿಯಾ? ಈ ಪ್ರಶ್ನೆ ನಾವು ಎತ್ತಲೇಬೇಕು.

ಮೈಸೂರು ಅಗ್ರಹಾರ

ನನ್ನ ಮಾತು ಕೆಲವರಿಗೆ ಬೇಜಾರಾಗಬಹುದು. ಮಂಡ್ಯದಿಂದ ಮೈಸೂರಿಗೆ ಬರೀ 45 ಕಿ.ಮೀ. ಅಷ್ಟಕ್ಕೆ ಒಂದು ಸ್ಟಾಪು ಕೊಟ್ಟರೆ ಹೈಸ್ಪೀಡ್ ಅನ್ನುವುದಕ್ಕೆ ಅರ್ಥ ಏನು? ವೇಗ ಹಿಡಿಯುವಷ್ಟರಲ್ಲಿ ಬ್ರೇಕು.

ಮತ್ತೊಂದು. 2026ರ ಫೆಬ್ರವರಿ ಬಜೆಟ್‌ನಲ್ಲಿ ಏಳು ಹೈಸ್ಪೀಡ್ ಕಾರಿಡಾರ್ ಹೇಳಿದರು. ಚೆನ್ನೈ–ಬೆಂಗಳೂರು ಇತ್ತು, ಮೈಸೂರಿನ ಹೆಸರು ಬರಲಿಲ್ಲ. ಮೊದಲು ಈ ಕಡೆ ಬರಲಿ ಅಂತ ಮೈಸೂರು, ಮಂಡ್ಯ ಒಟ್ಟಿಗೆ ಕೇಳಬೇಕು. ನಾವು ಜಾಗಕ್ಕೆ ಜಗಳ ಆಡುತ್ತಾ ಕೂತರೆ ಬೆಂಗಳೂರಿಗೇ ನಿಂತುಬಿಡುತ್ತದೆ.

ಮೈಸೂರಿನಲ್ಲೂ ಇದೇ ಕಥೆ ಇದೆ ಬಿಡಿ. ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರ ಬೇಕು ಅನ್ನುವವರು ಇದ್ದಾರೆ, ನಾಗನಹಳ್ಳಿ ಅನ್ನುವವರು ಇದ್ದಾರೆ. ಈ ಮೇಡಂ ಹೇಳಿದ ಲೆಕ್ಕ ಹಿಡಿದರೆ ನಾಗನಹಳ್ಳಿಯೇ ಸರಿ, ಹಳೆ ಹಳಿ ಅಲ್ಲೇ ಇದೆ. ಆದರೆ ಶ್ರೀರಂಗಪಟ್ಟಣ ದಾಟುವುದು ಹೇಗೆ? ಒಂದು ಕಡೆ ಕೋಟೆ, ಇನ್ನೊಂದು ಕಡೆ 2022ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ ರಂಗನತಿಟ್ಟು. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಒಂದು ಮದ್ದಿನ ಮನೆ (ಮದ್ದುಗುಂಡು ಇಡುತ್ತಿದ್ದ ಕಟ್ಟಡ) ಅಡ್ಡ ಬಂದು ಕೆಲಸ ವರ್ಷಗಟ್ಟಲೆ ನಿಂತಿತ್ತು. ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ನಿನ ಆ ಕಟ್ಟಡವನ್ನು ಇಡಿಯಾಗಿ ಎತ್ತಿ 130 ಮೀಟರ್ ಸರಿಸಿದರು. ಅದನ್ನು ನೋಡಲು ಹೋಗಿದ್ದೆ. ಗಾಲಿಗಳ ಮೇಲೆ ಕೂತು ಇರುವೆಯ ಹಾಗೆ ಸರಿಯುತ್ತಿತ್ತು, ಒಂದು ಇಟ್ಟಿಗೆ ಅಲುಗದ ಹಾಗೆ. ಮನಸ್ಸು ಮಾಡಿದರೆ ಆಗುತ್ತದೆ, ಆದರೆ ಅಷ್ಟು ವರ್ಷ ಯಾಕೆ ಬೇಕಿತ್ತು?

ಹಳಿ ಮೇಷ್ಟ್ರು

ಮೈಸೂರಿನ ಸ್ನೇಹಿತರೇ, ಮಂಡ್ಯದಲ್ಲಿ ಸ್ಟೇಷನ್ ಇದ್ದರೆ ಎಲ್ಲಾ ಗಾಡಿ ಅಲ್ಲಿ ನಿಲ್ಲಬೇಕು ಅಂತ ಏನಿಲ್ಲ. ಮುಂಬೈ–ಅಹಮದಾಬಾದ್ 508 ಕಿ.ಮೀ.ಗೆ ಎರಡು ಬಗೆಯ ಗಾಡಿ ಯೋಚಿಸಿದ್ದಾರೆ. ಕೆಲವೇ ಕಡೆ ನಿಲ್ಲುವುದು 2 ಗಂಟೆ 7 ನಿಮಿಷ. ಹನ್ನೆರಡೂ ಸ್ಟೇಷನ್ ಮುಟ್ಟುವುದು 2 ಗಂಟೆ 58 ನಿಮಿಷ. ಒಂದು ಸ್ಟಾಪಿಗೆ ಸುಮಾರು ಆರು ನಿಮಿಷ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ನಿಲ್ಲದ ಗಾಡಿ ನಡುವಿನ ಹಳಿಯಲ್ಲಿ ಹಾಗೇ ಹೋಗುತ್ತದೆ.

ನಮ್ಮ ಹೋರಾಟ ಬರೀ ಸ್ಟೇಷನ್‌ಗೆ ಆದರೆ ಸಾಲದು ಅನ್ನುವುದೂ ಇದರಲ್ಲೇ ಇದೆ. 2022ರ ನವೆಂಬರ್‌ನಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್ ಶುರುವಾದಾಗ ಅದು ಮಂಡ್ಯ ಸ್ಟೇಷನ್ ಮೇಲೇ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎರಡು, ಸಂಜೆ ಎರಡು ಗಾಡಿ ನಿಲ್ಲಬೇಕು ಅಂತ ಈಗಲೇ ಬರೆಸಿಕೊಳ್ಳಬೇಕು.

ಮತ್ತೆ ನಾಲೆ ಬಯಲಿನ ಅಣ್ಣನಿಗೆ. ಮುಂಬೈ ಮಾರ್ಗದ ಹೆಚ್ಚಿನ ಭಾಗ ಕಂಬದ ಮೇಲೆ ಹೋಗುತ್ತದೆ. ಹಳಿಗೆ ತಗೊಂಡ ಅಗಲ 17.5 ಮೀಟರ್. ಒಂದು ಕಿ.ಮೀ.ಗೆ ನಾಲ್ಕು ಎಕರೆ ಹದಿಮೂರು ಗುಂಟೆ ಆಗುತ್ತದೆ. ಕಂಬದ ಮೇಲೆ ಹೋದರೆ ಸೀಳುನಾಲೆ ಮುಚ್ಚುವುದಿಲ್ಲ, ಗಾಡಿ ದಾರಿ ತುಂಡಾಗುವುದಿಲ್ಲ. ನೆಲಕ್ಕೆ ಮಣ್ಣು ಏರಿಸಿ ಹಾಕಿದರೆ ನಿಮ್ಮ ಮೋರಿ ಕಥೆಯೇ ಮತ್ತೆ. ಖರ್ಚು ಉಳಿಸಲು ಮಣ್ಣು ಏರಿಸುತ್ತೇವೆ ಅಂದರೆ ಒಪ್ಪಬೇಡಿ.

ನಾಲೆ ಬಯಲು

ಕಂಬದ ಮೇಲೆ ಅಂದರೆ ನನ್ನ ಅರ್ಧ ಸಿಟ್ಟು ಇಳಿಯಿತು ಮೇಷ್ಟ್ರೇ. ಉಳಿದ ಅರ್ಧ ಸ್ಟೇಷನ್ ಜಾಗದ್ದು. ಪಾರ್ಕಿಂಗ್‌ಗೆ ಎಂದು ಎಷ್ಟು ಎಕರೆ ಕೇಳುತ್ತಾರೆ? ಬೈಪಾಸ್ ಪಕ್ಕ ಆದರೆ ಬರುವವರೆಲ್ಲ ಕಾರಿನಲ್ಲೇ, ಹಾಗಾಗಿ ಜಾಗ ಜಾಸ್ತಿ ಬೇಕು. ಮೆಮುವಿನಲ್ಲಿ, ಬಸ್ಸಿನಲ್ಲಿ ಬಂದರೆ ಅಷ್ಟು ಬೇಕಾಗಿಲ್ಲ. ಈ ಲೆಕ್ಕದಲ್ಲಿ ತಂಗಿ ಹೇಳಿದ್ದು ನನ್ನ ಗದ್ದೆಗೂ ಒಳ್ಳೆಯದೇ. ಮೊದಲು ನನಗೆ ಇದು ಹೊಳೆದಿರಲಿಲ್ಲ.

ಮದ್ದೂರು ಎಳನೀರು

ಹನಕೆರೆ ಅಂದರೆ ನಾನೂ ಹೂಂ ಅನ್ನುತ್ತೇನೆ. ಮದ್ದೂರಿನಿಂದ ಮೆಮು ಹತ್ತಿದರೆ ಮುಂದಿನ ಸ್ಟೇಷನ್. ಆದರೆ ಮೆಮು ದಿನಕ್ಕೆ ನಾಲ್ಕು ಸಲ ಬಂದರೆ ಆಗಲ್ಲ. ಹೈಸ್ಪೀಡ್ ಗಾಡಿ ನಿಲ್ಲುವ ಹೊತ್ತಿಗೆಲ್ಲ ಬರಬೇಕು.

ಸೀಸನ್ ಪಾಸ್, ಮಂಡ್ಯ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ನಾಲೆ ಬಯಲು ಅಣ್ಣ, ನಿಮ್ಮ ಅಪ್ಪ ಮೋರಿ ಬಾಯಿಗೆ ಮಣ್ಣಿನ ಚೀಲ ಒಡ್ಡಿದ್ದು ರಾತ್ರಿಯೆಲ್ಲ ಕಣ್ಣ ಮುಂದೆ ಬಂತು. ನಾನು ಹತ್ತುವವಳ ಕಣ್ಣಲ್ಲಿ ಮಾತ್ರ ನೋಡಿದ್ದೆ, ನಿಜ.

ಜಿಲ್ಲಾಧಿಕಾರಿಗೂ ನಮ್ಮ ಎಲ್ಲಾ ಶಾಸಕರಿಗೂ, ಸಂಸದರಿಗೂ ಒಂದೇ ಮನವಿ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕುವುದಿಲ್ಲ. ಸ್ಟೇಷನ್ ಹಳೆ ಹಳಿ ಮುಟ್ಟಬೇಕು, ಮೆಮು ಮೊದಲ ದಿನದಿಂದ ಬರಬೇಕು, ಗದ್ದೆ ಬಯಲಿನಲ್ಲಿ ಹಳಿ ಕಂಬದ ಮೇಲೆ ಹೋಗಬೇಕು, ಎಷ್ಟು ಗಾಡಿ ನಿಲ್ಲುತ್ತದೆ ಅಂತ ಮೊದಲೇ ಹೇಳಬೇಕು, ಸ್ಟೇಷನ್ ಬಿಟ್ಟು ಬೇರೆ ಯಾವುದಕ್ಕೆ ಎಷ್ಟು ಎಕರೆ ಬೇಕು ಅಂತ ಗ್ರಾಮಸಭೆಯಲ್ಲಿ ನಕ್ಷೆ ಇಟ್ಟು ತೋರಿಸಬೇಕು. ಮೈಸೂರಿನ ಸರ್ ಹೇಳಿದ ಹಾಗೆ ಮಾರ್ಗ ಮೈಸೂರು ತನಕ ಬರಲೇಬೇಕು ಅನ್ನುವುದನ್ನು ಮೊದಲ ಸಾಲಿಗೇ ಹಾಕಿದ್ದೇನೆ. ಪತ್ರ ಬರಹಗಾರರು ಕಾಯ್ದೆ ಕಲಂಗಳನ್ನು ಒಮ್ಮೆ ನೋಡಿಕೊಡಬೇಕು.

ಪ್ಲಾಟ್‌ಫಾರ್ಮ್‌ನಲ್ಲಿ ಜಡೆ ಹಾಕಿಕೊಳ್ಳುವ ಹುಡುಗಿಗೆ ನಿನ್ನೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಅದಕ್ಕೂ ಪಾಸ್ ಇರುತ್ತಾ ಅಕ್ಕ?" ಅದನ್ನೂ ಮನವಿಗೆ ಸೇರಿಸಿದ್ದೇನೆ.

ಈ ಭಾನುವಾರ ಬೆಳಿಗ್ಗೆ ಹನಕೆರೆಗೆ ಹೋಗಿ, ಸ್ಟೇಷನ್ ಸುತ್ತ ಎಲ್ಲಿ ಗದ್ದೆ, ಎಲ್ಲಿ ಖಾಲಿ ಜಾಗ, ಬಸ್ಸು ಎಲ್ಲಿ ತನಕ ಬರುತ್ತದೆ ಅಂತ ನಡೆದು ನೋಡೋಣ ಅಂತ ಇದ್ದೇನೆ. ಮುಂದಿನ ವಾರ ಯಲಿಯೂರು. ಬರುವವರು ಹೇಳಿ.

ನಾಲೆ ಬಯಲು

ನಾನು ಬರುತ್ತೇನೆ ತಂಗಿ. ಪಹಣಿ ಮತ್ತು ಗ್ರಾಮ ನಕ್ಷೆ ತರುತ್ತೇನೆ. ಬಿಸಿಲು ಏರುವ ಮೊದಲು ಮುಗಿಸೋಣ. ಮೇಷ್ಟ್ರಿಗೆ ಬೈಕ್ ನನ್ನದು.